ಬಾರದ ಲಸಿಕೆಗೆ ಅತ್ತೆಯ ರಕ್ತ

ಜೇವರ್ಗಿಯ ನಮ್ಮ ಓಣಿಯಲ್ಲಿ ಉಪ್ಪು, ಹೆಪ್ಪು, ಸಾಸಿವೆ ಕೇಳಿಕೊಂಡು ಬರುವ ಹಾಗೆಯೇ ಗುಳಿಗೆ ಕೇಳಿಕೊಂಡೂ ಬರುತ್ತಾರೆ. ಹೆಪ್ಪು ಕೊಟ್ಟರೆ ಇನ್ನೊಂದು ಮನೆಯಲ್ಲಿ ಮೊಸರಾಗುತ್ತದೆ, ಅಷ್ಟೇ. ಗುಳಿಗೆ ಕೊಟ್ಟರೆ ಏನಾಗುತ್ತದೆ ಎಂದು ನನಗೆ ಇಪ್ಪತ್ತೆರಡು ವರ್ಷ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಬರೆಯುವಾಗ ಪೆನ್ನು ನಿಲ್ಲುತ್ತದೆ. ಗುಳಿಗೆಯ ಹಾಳೆಯ ಹಿಂದೆ ಒಂದು ಕೆಂಪು ಗೆರೆ ಇರುತ್ತದೆ. ಅದರ ಪಕ್ಕದಲ್ಲಿ, ಡಾಕ್ಟರ ಚೀಟಿ ಇಲ್ಲದೆ ಇದನ್ನು ತೆಗೆದುಕೊಳ್ಳಬಾರದು ಎಂದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತದೆ. ಓಣಿಯಲ್ಲಿ ಅದನ್ನು ಸಲೀಸಾಗಿ ಓದಬಲ್ಲವಳು ನಾನೊಬ್ಬಳೇ. ಓದಿದ್ದೇನೆ. ಓದಿದ ಮೇಲೂ ಕೊಟ್ಟಿದ್ದೇನೆ.

ನನ್ನ ತವರು ಆಳಂದ. ಓದಿದ್ದು ಕಲಬುರ್ಗಿಯ ಒಂದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ವರ್ಷವೇ ಮೂಲೆಮನೆಯಾಕೆ ಸೆರಗಿನಲ್ಲಿ ಗುಳಿಗೆಯ ಹಾಳೆಯೊಂದನ್ನು ಕಟ್ಟಿಕೊಂಡು ಬಂದಿದ್ದಳು. ಇದು ಜ್ವರದ್ದೋ ಹೊಟ್ಟೆಯದೋ ಓದಿ ಹೇಳಬೇಕಿತ್ತು. ಹೇಳಿದೆ. ಹತ್ತರಲ್ಲಿ ನಾಲ್ಕು ಉಳಿದಿದ್ದವು. "ಜ್ವರ ಹೋತ್ರಿ ಅಕ್ಕಾರ, ಇನ್ನ ಸುಮ್ಮ ಯಾಕ ನುಂಗೂದು? ನಿಮ್ಮಲ್ಲೇ ಇಟ್ಕೋರಿ, ಯಾರಿಗರೆ ಬೇಕಾಗ್ತದ" ಎಂದು ನನ್ನ ಕೈಯಲ್ಲಿ ಇಟ್ಟು ಹೋದಳು. ನಾನು ಅವನ್ನು ಅಗಲಬಾಯಿಯ ಒಂದು ಗಾಜಿನ ಬರಣಿಯಲ್ಲಿ ಹಾಕಿದೆ. ಅಲ್ಲಿಂದ ಶುರು. ಯಾರ ಮನೆಯಲ್ಲಿ ಯಾರು ಅರ್ಧಕ್ಕೆ ಚೇತರಿಸಿಕೊಂಡರೂ ಉಳಿದ ಗುಳಿಗೆ ನಮ್ಮ ಮನೆಗೆ. ಒಂದು ಬರಣಿ ನಾಲ್ಕಾದವು. ಅವಕ್ಕೆ ಬಿಳಿ ಕಾಗದ ಅಂಟಿಸಿ, ಜ್ವರ, ಕೆಮ್ಮು, ಭೇದಿ, ಕೀವು ಎಂದು ದುಂಡಗೆ ಬರೆದೆ. ಅವಧಿ ಮುಗಿದವನ್ನು ತಿಂಗಳಿಗೊಮ್ಮೆ ಆರಿಸಿ ಎಸೆಯುತ್ತಿದ್ದೆ. ಅಷ್ಟು ಶಿಸ್ತು! ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ದಿನ ಮೂಲೆಮನೆಯಾಕೆ ಮತ್ತೆ ಬಂದಳು. "ಅಕ್ಕಾರ, ಹುಡುಗೀ ಕಿವ್ಯಾಗ ಕೀವು ಬರಾಕತ್ತದ. ಆ ಕೆಂಪು-ಕರಿ ಗುಳಿಗಿ ಎರಡು ಕೊಡ್ರಿ."

"ಎರಡು ಸಾಕಾಗ್ತದೇನವಾ?"

"ಸಾಕ್ರೀ. ಹೋದ ಸಲ ಒಂದಕ್ಕೇ ನಿಂತಿತ್ತು. ಇನ್ನೊಂದು ನಮ್ಮತ್ತಿ ನುಂಗಿದ್ಳು."

"ಆಕಿಗೇನಾಗಿತ್ತು?"

"ಆಕಿಗೇನಾಗ್ತದರಿ? ಮೊಮ್ಮಗಳಿಗೆ ಕೊಟ್ರಿ, ನಂಗ್ಯಾಕ ಕೊಡ್ಲಿಲ್ಲ ಅಂತ ನುಂಗಿದ್ಳು."

ನಾವಿಬ್ಬರೂ ನಕ್ಕಿದ್ದೆವು. ಬಾಗಿಲ ಚೌಕಟ್ಟಿಗೆ ಒರಗಿ, ಅವಳ ಕೈಯ ಹಸಿರು ಬಳೆ ಸದ್ದಾಗುವಷ್ಟು ನಕ್ಕಿದ್ದೆವು.

ನಮ್ಮ ಅತ್ತೆಗೂ ಆ ಬರಣಿಗಳ ಮೇಲೆ ಬಹಳ ವಿಶ್ವಾಸ. ಅವರು ಇಜೇರಿಯವರು. ಎಪ್ಪತ್ತೆರಡು ವರ್ಷ, ಬಾಯಿ ಮಾತ್ರ ಇಪ್ಪತ್ತರದು. ಮೊಣಕಾಲು ನೋವಿಗೆ, ನೆಗಡಿಗೆ, ಯಾರದಾದರೂ ಮದುವೆಯಲ್ಲಿ ಹೆಚ್ಚು ಉಂಡು ಬಂದ ದಿನಕ್ಕೆ, ಎಲ್ಲಕ್ಕೂ ಅದೇ ಕೆಂಪು-ಕಪ್ಪು. "ಡಾಕ್ಟರ್ ಮನಿಗಿ ಹೋದ್ರ ಎರಡು ತಾಸು ಕುಂಡ್ರಸ್ತಾನ. ನಮ್ಮ ಸೊಸಿ ಬರಣಿ ಕುಂಡ್ರಸೂದಿಲ್ಲ" ಎಂದು ಬಂದವರೆದುರು ಹೊಗಳುತ್ತಿದ್ದರು. ಅತ್ತೆಯ ಬಾಯಲ್ಲಿ ಹೊಗಳಿಕೆ ಬೀಳುವುದು ಅಪರೂಪ. ನನಗೆ ಹಿತವಾಗುತ್ತಿತ್ತು.

ಹೋದ ವರ್ಷ ಮಳೆ ಶುರುವಾಗುವ ಮುಂಚೆ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿಯಿತು. ನಮ್ಮ ಮನೆಯವರು ಕಾರು ಓಡಿಸಿದರು, ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ನನ್ನ ಮಡಿಲಲ್ಲಿ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಗಾಡಿ ಕುಲುಕಿದಾಗಲೆಲ್ಲ ಮಗನಿಗೆ ಬೈದರು. "ಲೇ, ತೊಗರಿ ಚೀಲಾ ಒಯ್ಯಾಕತ್ತಿಯೇನ್ಲೇ? ಹಡೆದಾಕಿ ಅದಾಳ ಒಳಗ!"

ಕಲಬುರ್ಗಿಯ ಒಂದು ದೊಡ್ಡ ದವಾಖಾನೆಯಲ್ಲಿ ಶಸ್ತ್ರಕ್ರಿಯೆ ಆಯಿತು. ಒಳಗೆ ರಾಡು ಹಾಕಿದ್ದೇವೆ, ಹದಿನೈದು ದಿನಕ್ಕೆ ಕೋಲು ಹಿಡಿದು ನಡೆಯುತ್ತಾರೆ ಎಂದರು. ಎರಡು ದಿನ ಅತ್ತೆ ಪಕ್ಕದ ಹಾಸಿಗೆಯವರ ಸೊಸೆಯಂದಿರ ಗುಣದೋಷ ವಿಚಾರಿಸುತ್ತ ಚೆನ್ನಾಗಿಯೇ ಇದ್ದರು. ನಾನು ಸ್ಟೂಲಿನ ಮೇಲೆ ಕೂತು ಸುತ್ತ ನೋಡುತ್ತಿದ್ದೆ. ನನಗೆ ನೋಡುವುದೊಂದು ಚಟ. ಹಸಿರು ಹಾಸಿಗೆಬಟ್ಟೆಯ ಮೇಲೆ, ನಾವು ಬರುವ ಮುಂಚೆಯೇ ಯಾರದೋ ಕಲೆ ಒಗೆದು ಒಗೆದು ಕಂದು ನಕ್ಷೆಯಾಗಿ ಉಳಿದಿತ್ತು. ಸಲಾಯಿನ್ ಕಂಬದ ಗಂಟಿನಲ್ಲಿ ಹಳೆಯ ಅಂಟುಪಟ್ಟಿ ಸುತ್ತಿ ಸುತ್ತಿ ಎಳ್ಳುಂಡೆಯಷ್ಟಾಗಿತ್ತು. ಗಾಯಕ್ಕೆ ಪಟ್ಟಿ ಕಟ್ಟುವ ಮನುಷ್ಯ ಬಾಗಿಲ ಬಳಿಯ ಹಾಸಿಗೆಯಿಂದ ಶುರು ಮಾಡುತ್ತಿದ್ದ. ನಾವು ನಾಲ್ಕನೆಯವರು. ಮೊದಲ ಹಾಸಿಗೆಯಲ್ಲಿ ಅವನ ರಬ್ಬರ್ ಗವಸಿನ ಹೆಬ್ಬೆರಳ ಮೇಲೆ ಕಂದು ಔಷಧ ಉಗುರಿನಷ್ಟಗಲ ಬಿತ್ತು. ಅವನು ನಮ್ಮ ಹಾಸಿಗೆಗೆ ಬಂದು ಅತ್ತೆಯ ಗಾಯದ ಹತ್ತಿ ಎತ್ತಿದಾಗಲೂ ಆ ಕಲೆ ಹೆಬ್ಬೆರಳ ಮೇಲೆ ಹಾಗೇ ಇತ್ತು.

ಅಂದರೆ ಗವಸು ಬದಲಾಗಿಲ್ಲ. ಮೂರು ಜನರ ಕೀವು ಮುಟ್ಟಿದ ಗವಸು. ನಾನು ಕಂಡೆ. "ಅಣ್ಣಾ, ನಿಮಗ ತೊಂದರಿ ಇಲ್ಲಂದ್ರ…" ಎಂದು ಶುರುಮಾಡಿದೆ. ನನ್ನ ವಾಕ್ಯ ಮುಗಿಯುವುದರೊಳಗೆ ಅವನು ಐದನೆಯ ಹಾಸಿಗೆಯಲ್ಲಿದ್ದ.

ಮೂರನೆಯ ದಿನ ಚಳಿಜ್ವರ. ನಾಲ್ಕನೆಯ ದಿನ ಪಟ್ಟಿ ಒದ್ದೆ. ಐದನೆಯ ದಿನ ಅತ್ತೆ ನನ್ನನ್ನು ತಮ್ಮ ಅಕ್ಕ ಎಂದುಕೊಂಡು ಮಾತಾಡಿದರು, ಆ ಅಕ್ಕ ಸತ್ತು ಹದಿನಾರು ವರ್ಷ. ಒಂದರ ಮೇಲೊಂದು ಸೂಜಿಮದ್ದು ಬದಲಾಯಿಸಿದರು. ಜ್ವರ ಇಳಿಯಲಿಲ್ಲ. ಕೀವನ್ನು ಪರೀಕ್ಷೆಗೆ ಕಳಿಸಿದ್ದರು, ಅದರ ವರದಿ ಬಂದಾಗ ನರ್ಸು ನನ್ನ ಕೈಗೆ ಕೊಟ್ಟು ಡಾಕ್ಟರರ ಕೋಣೆಗೆ ಒಯ್ಯಲು ಹೇಳಿದಳು. ನಾನು ಕಾರಿಡಾರಿನಲ್ಲಿ ನಿಂತು ಓದಿದೆ.

ಮೇಲೆ ಕ್ರಿಮಿಯ ಹೆಸರು: ಕ್ಲೆಬ್ಸಿಯೆಲ್ಲಾ. ಹುಡುಗಿಯೊಬ್ಬಳ ಹೆಸರಿನಂತೆ ಚೆಂದಗಿತ್ತು. ಕೆಳಗೆ ಹದಿನೇಳು ಔಷಧಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದಕ್ಷರ. ಆರ್ ಎಂದರೆ ಆ ಔಷಧಕ್ಕೆ ಕ್ರಿಮಿ ಜಗ್ಗುವುದಿಲ್ಲ, ಎಸ್ ಎಂದರೆ ಜಗ್ಗೀತು. ಆರ್, ಆರ್, ಆರ್ ಎಂದು ಮೇಲಿಂದ ಕೆಳಗೆ ಇಳಿಯುತ್ತ ಹೋಗಿತ್ತು. ಕೊನೆಗೆ ಒಂದೇ ಒಂದು ಎಸ್. ನನ್ನ ಕಣ್ಣು ಆ ಹೆಸರುಗಳ ಮೇಲೆ ನಿಂತಿತು. ಎಲ್ಲ ಅಲ್ಲ, ಐದಾರು. ನನಗೆ ಅವು ಪರಿಚಯದ ಹೆಸರುಗಳು. ಜ್ವರದ ಬರಣಿ, ಕೆಮ್ಮಿನ ಬರಣಿ, ಕೀವಿನ ಬರಣಿ. ನಾನೇ ಓದಿ ಆರಿಸಿ ಹಾಕಿದವು.

ಮನೆಯಲ್ಲಿ ಮೊದಲು ಗುಳಿಗೆ ನುಂಗಿದ್ದರೇ ಎಂದು ಸಣ್ಣ ಡಾಕ್ಟರರೊಬ್ಬರು ಕೇಳಿದರು, ಆಗಾಗ ಎರಡೆರಡು ಎಂದೆ, ಬಿಡಿಸಿ ಹೇಳಿದರು. ಕ್ರಿಮಿ ಬಹುಶಃ ಇಲ್ಲಿಯೇ, ದವಾಖಾನೆಯಲ್ಲಿಯೇ ಸಿಕ್ಕಿದೆ. ಆದರೆ ಮನೆಯಲ್ಲಿ ಹೀಗೆ ಎರಡೆರಡು ಗುಳಿಗೆ ನುಂಗುತ್ತ ಹೋದರೆ ಮೈಯೊಳಗಿನ ಬಡಪಾಯಿ ಕ್ರಿಮಿಗಳು ಸತ್ತು ಹಟಮಾರಿಗಳು ಉಳಿಯುತ್ತವೆ, ಇಂಥದಕ್ಕೆ ಜಾಗ ಸಲೀಸಾಗುತ್ತದೆ. "ಎರಡೂ ಕೂಡಿ ಆಗೇದರಿ ಅಮ್ಮಾ." ಆ ಹುಡುಗ ನಿಜ ಹೇಳಿದ. ಅದೇ ಕೋಣೆಯಲ್ಲಿದ್ದ ದೊಡ್ಡ ಡಾಕ್ಟರು ತಲೆ ಎತ್ತಲಿಲ್ಲ. "ಮನ್ಯಾಗ ಕಂಡ ಕಂಡ ಗುಳಿಗಿ ತಿನ್ನಸ್ತೀರಿ, ಆಮೇಲ ನಮ್ಮ ಮ್ಯಾಲ ಬರ್ತೀರಿ" ಎಂದರು. ಅರ್ಧ ನಿಜ ಹೇಳಿದರು. ಸುಳ್ಳಾದರೆ ಎದುರಾಡಬಹುದು, ಅರ್ಧ ನಿಜಕ್ಕೆ ಏನು ಹೇಳುವುದು? ಗವಸಿನ ಮಾತು ನನ್ನ ನಾಲಿಗೆಯ ತುದಿಗೆ ಬಂದು, ಬರಣಿಗಳ ನೆನಪಾಗಿ, ಹಿಂದಕ್ಕೆ ಹೋಯಿತು.

ಆ ಒಂದು ಎಸ್ ಔಷಧ ಅತ್ತೆಯನ್ನು ಉಳಿಸಿತು, ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟು ಉಳಿಸಿತು. ಒಳಗಿದ್ದ ರಾಡನ್ನು ತೆಗೆಯಲೇಬೇಕಾಯಿತು, ಅದಕ್ಕೂ ಕ್ರಿಮಿ ಅಂಟಿತ್ತು. ಮೂವತ್ತೆಂಟನೆಯ ದಿನ ಮನೆಗೆ ಕರೆತಂದಾಗ ಅತ್ತೆ ನಮ್ಮ ಅಂಗಳದ ಬೇವಿನ ಕೆಳಗೆ ಕುರ್ಚಿಯಲ್ಲಿ ಕೂತರು. ಒಂದು ಕಾಲು ಮೂರು ಬೆರಳು ಗಿಡ್ಡ. ಆ ಕುರ್ಚಿಯಿಂದ ಬಚ್ಚಲಿಗೆ ಹೋಗಬೇಕಾದರೂ ಇಬ್ಬರು ಬೇಕು. ಓಣಿಯ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಬೆಳಗಾಗುವುದರೊಳಗೆ ತಿಳಿದುಕೊಂಡು ಬರುತ್ತಿದ್ದ ಹೆಂಗಸು.

ಮರುದಿನವೇ ನಾನು ನಾಲ್ಕು ಬರಣಿಯ ಗುಳಿಗೆಗಳನ್ನೂ ಚೀಲಕ್ಕೆ ಸುರಿದು, ದವಾಖಾನೆಯಲ್ಲಿ ಸುಡುವ ಕಸದ ಜೊತೆ ಹಾಕಲು ಮನೆಯವರ ಕೈಯಲ್ಲಿ ಕಳಿಸಿದೆ. ಮೂಲೆಮನೆಯಾಕೆ ಬಂದಳು, ಇಲ್ಲವಾ ಎಂದೆ. "ಅತ್ತೀಗಿ ಹಿಂಗಾತು ಅಂತ ನಮ್ಮ ಮ್ಯಾಲ ಯಾಕ್ರಿ ಸಿಟ್ಟು?" ಎಂದಳು. ಕಾರಣ ಹೇಳಿದೆ. ಹೂಂ ಹೂಂ ಎಂದು ಪೂರ್ತಿ ಕೇಳಿದಳು, ಹೋಗಿ ಔಷಧ ಅಂಗಡಿಯಿಂದ ಅದೇ ಗುಳಿಗೆ ಎರಡು ತಂದಳು. ಅಂಗಡಿಯವನು ಕತ್ತರಿಯಿಂದ ಹಾಳೆ ಕತ್ತರಿಸಿ ಕೊಟ್ಟಿದ್ದ, ಚೀಟಿ ಕೇಳಿರಲಿಲ್ಲ.

ಒಂದೆರಡು ತಿಂಗಳಿಗೆ ಮೂಳೆಯ ಡಾಕ್ಟರು, ಸೋಂಕು ಪೂರ್ತಿ ಹೋದ ಮೇಲೆ ಹೊಸ ಕೀಲು ಹಾಕಬಹುದು, ಮತ್ತೆ ನಡೆಯಬಹುದು ಎಂದರು. ಆದರೆ ಮತ್ತೊಮ್ಮೆ ಕೊಯ್ಯಬೇಕು, ಮತ್ತೆ ಅಂಥದೇ ವಾರ್ಡಿನಲ್ಲಿ ಮಲಗಬೇಕು. ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಕರೆದರು.

"ಬೇ, ಕೂಸುಗಳಿಗೆ ಹುಟ್ಟಿದ ಕೂಡ್ಲೆ ಸೂಜಿ ಹಾಕ್ತಾರ. ಕರೋನಾಕ್ಕೂ ಹಾಕಿದ್ರು, ತೋಳು ಬಾತು ಕುಂತಿತ್ತು. ಈ ದವಾಖಾನಿ ಹುಳಕ್ಕ ಮೊದಲೇ ಹಾಕ್ಕೊಂಡು ಹೋಗೂ ಸೂಜಿ ಇಲ್ಲೇನು? ಇದ್ರ ಅದನ್ನ ಹಾಕಸ್ರಿ, ನಾಳೀನೇ ಬರ್ತೇನಿ."

ಇಂಥ ನೇರ ಪ್ರಶ್ನೆಯನ್ನು ಆ ಮೂವತ್ತೆಂಟು ದಿನಗಳಲ್ಲಿ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಸಣ್ಣ ಡಾಕ್ಟರರಿಗೆ ಫೋನ್ ಮಾಡಿದೆ. ಇನ್ನೂ ಇಲ್ಲ, ಮಾಡುವ ಪ್ರಯತ್ನ ನಡೆದಿದೆ ಎಂದರು. ಆಮೇಲೆ ತಡೆದು ತಡೆದು, ಬದುಕುಳಿದವರ ರಕ್ತ ಆ ಕೆಲಸಕ್ಕೆ ಬೇಕಾಗಿದೆ, ನಿಮ್ಮ ನಂಬರು ಒಬ್ಬರಿಗೆ ಕೊಡಲೇ ಎಂದು ಕೇಳಿದರು.

ಹಾಗೆ ಬಂದವಳು ಲ್ಯಾಬಿನ ಹೆಣ್ಣುಮಗಳು. ಮೂವತ್ತರ ಆಸುಪಾಸು, ನೆಲೋಗಿಯ ಕಡೆಯವಳು, ಹೆಗಲಿಗೆ ನೀಲಿ ಥಂಡಿ ಪೆಟ್ಟಿಗೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು, ಚಪ್ಪಲಿಯ ಕಿತ್ತ ಪಟ್ಟಿಗೆ ಪಿನ್ನು ಹಾಕಿದ್ದಳು. ಅವತ್ತು ಅಫಜಲಪುರದಿಂದ ನನ್ನ ಮೈದುನನೂ ಬಂದಿದ್ದ. ದವಾಖಾನೆಯ ಮೇಲೆ ದೂರು ಕೊಡಬೇಕೆಂದು ಅವನು ಕಾಗದ ಸೇರಿಸುತ್ತಿದ್ದ, ಅತ್ತೆಯ ಕಾಲು ನೋಡಿದಾಗಲೆಲ್ಲ ಅವನ ಕಣ್ಣು ಕೆಂಪಾಗುತ್ತಿತ್ತು.

"ಕಾಲು ತಗೊಂಡ್ರಿ, ಈಗ ರಕ್ತಾನೂ ಬೇಕೇನ್ರಿ?" ಎಂದ.

"ಕಾಲು ತಗೊಂಡಾಕಿ ಆಕಿ ಅಲ್ಲಲೇ. ಮೊದಲ ನೀರು ಕೊಡು, ಬಿಸಲಾಗ ಬಂದಾಳ" ಎಂದರು ಅತ್ತೆ. ಆಮೇಲೆ ಅವಳ ಕಡೆ ತಿರುಗಿ, "ಹೇಳವಾ. ನನ್ನ ರಕ್ತದಾಗ ಅಂಥಾದ್ದೇನದ?"

ಅವಳು ನೆಲದ ಮೇಲೆ ಕೂತು ಹೇಳಿದಳು. ಆ ಕ್ರಿಮಿಗೆ ಮೇಲೊಂದು ಅಂಟಂಟಾದ ಹೊದಿಕೆ ಇರುತ್ತದೆ, ಸಕ್ಕರೆಯಂಥ ಪದಾರ್ಥದ್ದು. ಅದನ್ನು ಹೊದ್ದು ಮೈಯ ಕಾವಲುಗಾರರ ಕಣ್ಣು ತಪ್ಪಿಸುತ್ತದೆ. ಬದುಕುಳಿದವರ ರಕ್ತ ಹೇಗೋ ಅದನ್ನು ಗುರುತು ಹಿಡಿಯಲು ಕಲಿತಿರುತ್ತದೆ. ಹೇಗೆ ಗುರುತು ಹಿಡಿಯಿತು ಎಂದು ತಿಳಿದರೆ ಆ ಪಾಠವನ್ನು ಸೂಜಿಯಲ್ಲಿ ತುಂಬಿ, ಕೊಯ್ಯುವ ಮುಂಚೆಯೇ ಉಳಿದವರಿಗೆ ಕಲಿಸಬಹುದು. ಆಗ ಗುಳಿಗೆಯ ಮಾತೇ ಬರುವುದಿಲ್ಲ.

"ಮತ್ತ ಯಾಕ ತಡಾ?"

"ಹೊದಿಕಿ ಒಂದ ನಮೂನಿದಿಲ್ರಿ ಅಜ್ಜಿ. ಊರಿಗೊಂದು, ದವಾಖಾನಿಗೊಂದು."

"ಸಂತ್ಯಾಗ ಕಳ್ಳರು ಒಬ್ಬೊಬ್ಬ ಒಂದೊಂದು ಬಣ್ಣದ ರುಮಾಲು ಸುತಗೊಂಡು ಬಂದಂಗ."

"ಹೂಂನ್ರಿ. ಒಂದ ರುಮಾಲಿನ ಗುರ್ತು ಹೇಳಿಕೊಟ್ರ ಸಾಲೂದಿಲ್ಲ."

"ಕರೋನಾಕ್ಕ ಜಲ್ದಿ ಬಂತಲ್ಲ ಸೂಜಿ?" ಎಂದ ಮೈದುನ.

ಅವಳು ಪೆಟ್ಟಿಗೆಯ ಪಟ್ಟಿಯನ್ನು ಬಿಗಿ ಮಾಡಿದಳು. "ಅದಕ್ಕ ಎಲ್ಲಾರೂ ಅಂಜಿದ್ರರಿ ಸರ್. ಎಲ್ಲಾ ದೇಶ ಅಂಜಿತ್ತು, ರೊಕ್ಕ ಇದ್ದವರೂ ಅಂಜಿದ್ರು. ಇದು ದವಾಖಾನ್ಯಾಗ ಮಲಗಿದವರಿಗೆ ಬರೂದು. ಅವರು ಮೊದಲೇ ಜಡ್ಡಿನವರು ಅಂತ ಮಂದಿ ಲೆಕ್ಕಕ್ಕ ಹಿಡಿಯೂದಿಲ್ಲ."

"ಮಲಗಿದವರು ಮಂದಿ ಅಲ್ಲೇನು?" ಅತ್ತೆಯ ದನಿ ಓಣಿಗೆ ಕೇಳಿಸಿತು. "ಎದ್ದು ಓಡ್ಯಾಡಾಕತ್ತಾರಲ್ಲ, ಅವರೂ ಒಂದಿನ ಮಲಗವರೇ. ಹೇಳವಾ ನಿಮ್ಮವರಿಗೆ."

ನನಗೆ ಆ ಹೊತ್ತಿಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವಳ ಮೇಲಲ್ಲ, ಪಾಪ. ಹಡೆಯಲು ಹೋದವಳು, ಕಾಲು ಮುರಿದವಳು, ಅವಧಿಗೆ ಮುಂಚೆ ಹುಟ್ಟಿದ ಕೂಸು, ಎಲ್ಲರೂ ವಾಸಿಯಾಗಲು ಹೋಗುವ ಜಾಗ ಅದು. ಅಲ್ಲಿ ಸಿಗುವ ರೋಗಕ್ಕೆ ಲಸಿಕೆ ಮಾಡುವುದು ಯಾರಿಗೂ ಅವಸರದ ಕೆಲಸವಲ್ಲವಂತೆ. ಔಷಧಕ್ಕೆ ಜಗ್ಗದ ಹಾಗೆ ಕ್ರಿಮಿಯನ್ನು ಸಾಕಿ ಬೆಳೆಸಲು ನಾವೆಲ್ಲ ಸೇರಿದೆವು. ಓಣಿಯ ನಾನು, ಕತ್ತರಿಯ ಅಂಗಡಿಯವನು, ಎರಡು ದಿನದ ನೆಗಡಿಗೂ ದೊಡ್ಡ ಗುಳಿಗೆ ಬರೆಯುವ ಡಾಕ್ಟರು, ಗವಸು ಬದಲಿಸದವನು. ಬೆಳೆಸಲು ಇಷ್ಟು ಕೈ ಬಂದವು, ತಡೆಯಲು ಕಿತ್ತ ಚಪ್ಪಲಿಯ ಒಬ್ಬ ಹೆಣ್ಣುಮಗಳು ಬಸ್ಸಿನಲ್ಲಿ ಬರುತ್ತಾಳೆ.

ಅತ್ತೆ ಇನ್ನೊಂದು ಕೇಳಿದರು. "ಸೂಜಿ ತಯಾರಾದ್ರ ನನಗ ಮೊದಲ ಕೊಡ್ತೀರೇನು?"

"ಇಲ್ರಿ ಅಜ್ಜಿ." ಅವಳು ಕಣ್ಣು ತಪ್ಪಿಸಲಿಲ್ಲ. "ಭಾಳ ವರ್ಷ ಹಿಡೀತದ. ಆಗೂದೇ ಇಲ್ಲ ಅಂತನೂ ಆಗಬಹುದು. ನಿಮಗ ಸಿಗ್ತದ ಅಂತ ಸುಳ್ಳು ಹೇಳಿ ನಾ ರಕ್ತ ಒಯ್ಯೂದಿಲ್ಲ."

ರಕ್ತಕ್ಕೆ ಮುಂಚೆ ಒಂದು ಫಾರಂ ತುಂಬಬೇಕಿತ್ತು, ಇಂಗ್ಲಿಷಿನದು. ಪೆನ್ನು ನನ್ನ ಕೈಗೆ ಬಂತು. ವಯಸ್ಸು, ಶಸ್ತ್ರಕ್ರಿಯೆ, ಜ್ವರದ ದಿನಗಳು. ಎರಡನೆಯ ಪುಟದಲ್ಲಿ ಆ ಪ್ರಶ್ನೆ ಇತ್ತು. ಹಿಂದಿನ ಐದು ವರ್ಷಗಳಲ್ಲಿ ರೋಗಿ ಯಾವ ಯಾವ ಆಂಟಿಬಯಾಟಿಕ್ ತೆಗೆದುಕೊಂಡಿದ್ದಾರೆ, ಎಷ್ಟು ದಿನ, ಯಾರು ಕೊಟ್ಟಿದ್ದು. ನಾನು ಬರೆಯತೊಡಗಿದೆ. ಮೊದಲ ಹೆಸರು, ಎರಡು ಗುಳಿಗೆ, ಸೊಸೆ. ಎರಡನೆಯ ಹೆಸರು, ಮೂರು ಗುಳಿಗೆ, ಸೊಸೆ. ಸಾಲು ಸಾಕಾಗದೆ ಅಂಚಿನಲ್ಲಿ ಬರೆದೆ.

ಮೈದುನ ಹೆಗಲ ಮೇಲಿಂದ ಬಗ್ಗಿ ನೋಡಿದ. "ವೈನೀ, ಏನ್ ಬರ್ಯಾಕತ್ತೀರಿ? ಇದನ್ನ ಬರೆದ್ರ ನನ್ನ ದೂರು ಮುಗೀತು. ಮನಿಯವರೇ ಒಪ್ಕೊಂಡಾರ ಅಂತಾರ. ಅವರದು ತಪ್ಪಿಲ್ಲೇನು?"

"ಅದ. ಅವರದು ಅದ, ನಂದೂ ಅದ."

"ನಿಮ್ಮದನ್ನ ಬಿಡ್ರಿ. ಇಲ್ಲ ಅಂತ ಬರೀರಿ, ಯಾರಿಗಿ ಗೊತ್ತಾಗ್ತದ?"

ಲ್ಯಾಬಿನವಳು ನಮ್ಮಿಬ್ಬರನ್ನೂ ನೋಡುತ್ತಿದ್ದಳು. "ಸುಳ್ಳು ಬರೆದ್ರ ಈ ರಕ್ತ ಉಪಯೋಗ ಇಲ್ರಿ" ಎಂದಳು, ಅಷ್ಟೇ.

ನಾನು ಅತ್ತೆಯ ಮುಖ ನೋಡಲಾರದೆ ಕಾಗದವನ್ನೇ ನೋಡುತ್ತಿದ್ದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಮಗನ ಮಾತು ಮಾತ್ರ ಕೇಳಿಸಿತ್ತು. "ಏನ್ ಬರೆದದ, ಓದು" ಎಂದರು. ಓದಿದೆ, ಕನ್ನಡದಲ್ಲಿ, ಪ್ರತಿಯೊಂದನ್ನೂ. ಎಲ್ಲ ಸಾಲೂ ಸೊಸೆ, ಸೊಸೆ, ಸೊಸೆ ಎಂದು ಮುಗಿಯುತ್ತಿತ್ತು.

"ಖೊಟ್ಟಿ ಬರೆದಿ" ಎಂದರು ಅತ್ತೆ. "ಅರ್ಧಕ್ಕರ್ಧ ನಾನೇ ಬರಣಿ ತಗದು ನುಂಗೀನಿ, ನೀ ಆಳಂದಕ್ಕ ಹೋದಾಗ. ಅದನ್ನ ಬರಿ. ತಾನೊಬ್ಬಾಕಿನೇ ನನ್ನ ಕೊಂದಂಗ ಬರದಾಳ, ದೊಡ್ಡ ಡಾಕ್ಟರೀಣಿ!"

ಮೈದುನ ಎದ್ದು ಹೊರಗೆ ಹೋದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಇವತ್ತಿಗೂ ಅವನು ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ. ಅವನ ದೂರು ನಿಂತುಹೋಯಿತು. ಗವಸು ಬದಲಿಸದ ಆ ಮನುಷ್ಯ ಈಗಲೂ ಬಾಗಿಲ ಬಳಿಯ ಹಾಸಿಗೆಯಿಂದ ಶುರು ಮಾಡುತ್ತಿರಬಹುದು. ನನ್ನ ಸತ್ಯ ಅವನನ್ನೂ ಉಳಿಸಿತು. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತಿದ್ದರು, ನನಗೆ ಹಗುರಾಗಲಿಲ್ಲ.

ಅತ್ತೆ ತೋಳು ಚಾಚಿದರು. ಎರಡು ನಳಿಗೆ ರಕ್ತ, ಕಪ್ಪೆನ್ನಿಸುವಷ್ಟು ಕೆಂಪು. ಮೂರು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ ಕೊಡಬೇಕಿತ್ತು. ಸೂಜಿ ಬರುವವರೆಗೆ ಕೊಯ್ಯಿಸಿಕೊಳ್ಳುವುದಿಲ್ಲ ಎಂದು ಅತ್ತೆ ತಾವೇ ತೀರ್ಮಾನಿಸಿದರು. ಸಿಗುವುದಿಲ್ಲ ಎಂದು ಆಕೆ ಬಾಯಿಬಿಟ್ಟು ಹೇಳಿದ್ದಳು, ಆದರೂ ಅತ್ತೆ ಕಾದರು. ಎರಡನೆಯ ಸಲ ಅವಳು ಬಂದಾಗ ಬಾಗಿಲಲ್ಲೇ ಕೇಳಿದರು, "ಬಂತೇನವಾ?" "ಇನ್ನೂ ಇಲ್ರಿ ಅಜ್ಜಿ." "ಹೋಗ್ಲಿ, ರೊಟ್ಟಿ ಉಂಡು ಹೋಗು."

ಮೂರನೆಯ ಸಲ ಅವಳು ಬರಲಿಲ್ಲ, ಫೋನು ಬಂತು. ಸಂಗ್ರಹದ ಕೆಲಸ ನಿಲ್ಲಿಸಿದ್ದಾರೆ. ಕೊಟ್ಟ ಅನುದಾನ ಮುಗಿದಿದೆ, ಮುಂದಿನದು ಬಂದಿಲ್ಲ. ಅಜ್ಜಿಯ ನಳಿಗೆಗಳು ಫ್ರೀಜರಿನಲ್ಲಿ ಜೋಪಾನವಾಗಿವೆ. ತನಗೂ ಬೇರೆ ಕಡೆ ಕೆಲಸ ನೋಡಬೇಕಾಗಿದೆ. "ಅಜ್ಜಿಗೆ ಹ್ಯಾಂಗ ಹೇಳ್ಲಿ ಅಂತ ಎರಡು ದಿನ ಫೋನೇ ಮಾಡ್ಲಿಲ್ರಿ" ಎಂದು ಅತ್ತಳು. ನಾನು ಅವಳನ್ನು ಸಮಾಧಾನ ಮಾಡಿದೆ, ಫೋನಿಟ್ಟ ಮೇಲೆ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆದೆ. ಸ್ಟೀಲಿನದು, ಒಡೆಯಲಿಲ್ಲ. ಅಂಚು ನೆಗ್ಗಿತು.

ಸದ್ದಿಗೆ ಅತ್ತೆ ಕೂಗಿದರು. ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ತಮ್ಮ ಗಿಡ್ಡ ಕಾಲಿನ ಪಾದವನ್ನು ನೋಡಿದರು. ಅಷ್ಟು ದಿನ ನೆಲ ಮುಟ್ಟದೆ ಆ ಅಂಗಾಲು ಕೂಸಿನದರಂತೆ ಮೆತ್ತಗಾಗಿತ್ತು.

"ಸೂಜಿ ಬರ್ತದ ಅಂತ ಕುಂತ್ರ ನಾ ಕುಂತಲ್ಲೇ ಹೋಗ್ತೇನಿ. ಡಾಕ್ಟರಗ ಕೇಳು, ಯಾವಾಗ ಕೊಯ್ತಾನ ಅಂತ."

ಈ ಸಲ ಬೇರೆ ದವಾಖಾನೆ, ಸಣ್ಣದು. ಸರ್ಜನ್ ಸಭ್ಯ ಮನುಷ್ಯ, ಹಳೆಯ ಗಾಯವನ್ನು ಒತ್ತಿ ನೋಡಿದರು, ಎಕ್ಸ್‌ರೇ ಹಿಡಿದು ತಾಳ್ಮೆಯಿಂದ ತೋರಿಸಿದರು. ಮೂಳೆ ಕೀಲಿಗೆ ಒಪ್ಪುತ್ತದೆ. ಆದರೆ ಹಳೆಯ ಸೋಂಕು ಮರುಕಳಿಸುವುದಿಲ್ಲ, ಹೊಸದು ಬರುವುದಿಲ್ಲ ಎಂದು ಬರೆದುಕೊಡಲು ತಮ್ಮಿಂದ ಆಗದು ಎಂದರು.

"ಬರಕೊಡೂದು ಬ್ಯಾಡ್ರಿ" ಎಂದರು ಅತ್ತೆ. "ಕೈ ತೋರಿಸ್ರಿ."

"ಏನಮ್ಮಾ?"

"ನನ್ನ ಕೊಯ್ಯೂ ಕೈ. ತೋರಿಸ್ರಿ, ನೋಡೂನು."

ಅವರು ನಕ್ಕು, ಶಾಲೆಯ ಹುಡುಗನಂತೆ ಎರಡೂ ಕೈ ಮುಂದೆ ಹಿಡಿದರು. ಬಲಗೈಯ ಬೆರಳಲ್ಲಿ ಹವಳದ ಉಂಗುರ. ಸಡಿಲಾಗಿದ್ದಕ್ಕೆ ಒಳಗಡೆ ದಾರ ಸುತ್ತಿದ್ದರು, ದಾರ ಕಪ್ಪಗೆ ಗಟ್ಟಿಯಾಗಿತ್ತು. ಅತ್ತೆ ಏನೂ ಅನ್ನದೆ ಆ ದಾರವನ್ನು ಉಗುರಿನಿಂದ ಮುಟ್ಟಿ ತೋರಿಸಿದರು. ಸರ್ಜನ್ ಕೊಯ್ಯುವಾಗ ತೆಗೆಯುತ್ತೇನೆ ಎಂದರು. "ಈಗ ನನ್ನ ಗಾಯ ಮುಟ್ಟಿದ್ರಲ್ಲ, ಈಗ?" ಎಂದರು ಅತ್ತೆ. ಅವರು ಉಂಗುರ ತೆಗೆದು ಮೇಜಿನ ಮೇಲಿಟ್ಟು, ಮೂಲೆಯ ಸಿಂಕಿಗೆ ಹೋದರು. ಸಾಬೂನಿನ ಬಾಟಲಿ ಒತ್ತಿದರು. ಉಸ್ ಎಂದು ಗಾಳಿ ಬಂತು. ಮತ್ತೆ ಒತ್ತಿದರು, ಮತ್ತೆ ಗಾಳಿ. ಬರೀ ನೀರಿನಲ್ಲಿ ಕೈ ತೊಳೆದು, ಜೇಬಿನ ಕರವಸ್ತ್ರಕ್ಕೆ ಒರೆಸಿಕೊಂಡರು.

ನಾನು ಎದ್ದು ನಿಂತದ್ದು ನೆನಪಿದೆ. "ಸಾಬೂನು ಎಲ್ಲಿ?" ಎಂದು ಕಿರುಚಿದ್ದೂ ನೆನಪಿದೆ, ಏಕೆಂದರೆ ಹೊರಗಿನ ಬೆಂಚಿನವರು ಬಾಗಿಲಲ್ಲಿ ಇಣುಕಿದರು. "ಇನ್ನೂ ಹುಟ್ಟದ ಲಸಿಕೆಗೆ ನಮ್ಮತ್ತಿ ರಕ್ತ ಕೊಟ್ಟು ಕುಂತಾಳ. ನಿಮಗ ಒಂದು ಸಾಬೂನು ಇಡಾಕ ಆಗೂದಿಲ್ಲೇನ್ರಿ? ಅದಕ್ಕೂ ಯಾರದರೆ ರಕ್ತ ಬೇಕೇನು? ಇಲ್ಲೇ ತಗೋರಿ, ನಂದು ತಗೋರಿ!" ಇನ್ನೂ ಏನೇನೋ ಅಂದೆ. ಬರೆಯುವಂಥ ಮಾತುಗಳಲ್ಲ. ಮನೆಯವರು ಸೆರಗು ಎಳೆಯುತ್ತಿದ್ದರು, ನಾನು ಬಿಡಿಸಿಕೊಂಡೆ.

ಸರ್ಜನ್ ಮುಖ ಕೆಂಪಾಯಿತು. ಗಂಟೆ ಒತ್ತಲು ಕೈ ಚಾಚಿದವರು ಯಾಕೋ ಒತ್ತಲಿಲ್ಲ. ತಾವೇ ಹೊರಗೆ ಹೋದರು. ಅವರು ಬರುವವರೆಗೆ ಅತ್ತೆ, "ಆರಾಮ ಕುಂಡ್ರು, ಬಿ.ಪಿ. ಏರ್ತದ, ನಿನ್ನೂ ಇಲ್ಲೇ ಮಲಗಿಸ್ಯಾರು" ಎಂದರು. ಸರ್ಜನ್ ಒಂದು ತುಂಬಿದ ಬಾಟಲಿ ಹಿಡಿದು ಬಂದರು, ಮೊಣಕೈವರೆಗೆ ತೊಳೆದರು, ಒದ್ದೆ ಕೈಗಳನ್ನು ಎತ್ತಿ ಹಿಡಿದು ಅತ್ತೆಯ ಮುಂದೆ ನಿಂತರು. ಅತ್ತೆ ಉಗುರಿನ ಸಂದಿಗಳವರೆಗೆ ಪರೀಕ್ಷಿಸಿದರು.

"ಯಾವತ್ತ ಬರ್ಲಿ?" ಎಂದು ಕೇಳಿದರು.

ಹೊಸ ಕೀಲು ಹಾಕಿ ಇಂದಿಗೆ ಹನ್ನೊಂದು ದಿನ. ಅತ್ತೆ ವಾಕರ್ ಹಿಡಿದು ಹಾಸಿಗೆಯಿಂದ ಕಿಟಕಿಯವರೆಗೆ ಆರು ಹೆಜ್ಜೆ ಹೋಗಿ, ಕೆಳಗೆ ಆಟೋದವರು ಜಗಳಾಡುವುದನ್ನು ನೋಡಿ, ಯಾರದು ತಪ್ಪು ಎಂದು ತೀರ್ಪು ಕೊಟ್ಟು ಬಂದಿದ್ದಾರೆ. ಇಲ್ಲಿಯವರೆಗೆ ಜ್ವರ ಬಂದಿಲ್ಲ. ಬರುವವರೆಲ್ಲ ದೇವರ ದಯೆ ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ. ಮುಂದಿನ ಹಾಸಿಗೆಯಲ್ಲಿ ನಿನ್ನೆ ಆಪರೇಷನ್ ಆದ ಒಬ್ಬಾಕೆ ಇದ್ದಾಳೆ, ಅಫಜಲಪುರ ಕಡೆಯವಳು. ಅವಳಿಗೂ ಲಸಿಕೆ ಇಲ್ಲ, ಇವರಿಗೂ ಇರಲಿಲ್ಲ. ಇವರು ಪಾರಾದರೆ, ಆಕೆ ಪಾರಾದರೆ, ಅದು ಯಾರೂ ನಮಗೆ ಕೊಟ್ಟದ್ದಲ್ಲ, ಆಕಸ್ಮಿಕವಾಗಿ ಸಿಕ್ಕಿದ್ದು. ನಾಲ್ಕು ತಾಸಿಗೊಮ್ಮೆ ಅತ್ತೆಯ ಬಾಯಲ್ಲಿ ಥರ್ಮಾಮೀಟರ್ ಇಟ್ಟು ಅಂಕಿ ನೋಡುತ್ತೇನೆ. ತೊಂಬತ್ತೆಂಟು ಕಂಡಾಗ ಉಸಿರು ಬಿಡುತ್ತೇನೆ, ಹಲ್ಲು ಮಾತ್ರ ಕಚ್ಚಿಕೊಂಡೇ ಇರುತ್ತವೆ.